ಗುಲಗಂಜಿ ತಾತನ ಒಂದು ಕೆಜಿ ಕಲ್ಲು

ತಕ್ಕಡಿ ರಿಪೇರಿ ಮಾಡುವ ಆ ಮನುಷ್ಯನಿಗೆ ಗುಲಗಂಜಿ ಎಂದು ಹೆಸರಿಟ್ಟವನು ಒಬ್ಬ ಮಾಂಸದಂಗಡಿಯವನು. ಪ್ರೀತಿಯಿಂದ ಇಟ್ಟದ್ದಲ್ಲ, ಸಿಟ್ಟಿನಿಂದ. ಅವನ ತಕ್ಕಡಿ ಹತ್ತು ಗ್ರಾಂ ಹೆಚ್ಚು ತೋರಿಸುತ್ತಿತ್ತು. "ಅದೊಂದನ್ನ ಹಾಗೇ ಬಿಟ್ಟು ಮಿಕ್ಕಿದ್ದೆಲ್ಲ ಸರಿ ಮಾಡಿಕೊಡಿ" ಎಂದು ಕಣ್ಣು ಮಿಟುಕಿಸಿದ. ನಮ್ಮವನು ತಕ್ಕಡಿಯನ್ನು ಅವನ ಕಡೆಗೇ ತಳ್ಳಿ, "ಹತ್ತು ಗ್ರಾಂ ಹಾಗಿರಲಿ, ಗುಲಗಂಜಿಯಷ್ಟು ಹೆಚ್ಚಿದ್ರೂ ಇದು ನನ್ನ ಅಂಗಡಿ ಬಾಗಿಲು ದಾಟಲ್ಲ" ಎಂದ. "ಹಾಗಿದ್ರೆ ನೀನೇ ಇಟ್ಕೊಳ್ಳಯ್ಯಾ, ಗುಲಗಂಜಿ!" ಎಂದು ಮಾಂಸದಂಗಡಿಯವನು ದುಮುಗುಡುತ್ತ ಹೊರಟುಹೋದ. ಮೂರನೇ ದಿನ ಬಂದು ಸರಿಯಾದ ತಕ್ಕಡಿಯನ್ನೇ ಹೊತ್ತುಕೊಂಡು ಹೋದ. ಹೆಸರನ್ನು ಮಾತ್ರ ವಾಪಸು ತೆಗೆದುಕೊಳ್ಳಲಿಲ್ಲ. ಹಿಂದಿನವರು ಚಿನ್ನ ತೂಗಲು ಬಳಸುತ್ತಿದ್ದ ಪುಟ್ಟ ಕೆಂಪು ಕಾಳಿನ ಹೆಸರು ಆರಡಿ ಎತ್ತರದ, ಪೊದೆ ಮೀಸೆಯ ಒಬ್ಬ ಗಂಡಸಿಗೆ ಅಂಟಿಕೊಂಡು ಈಗ ಮೂವತ್ತು ವರ್ಷ.

ಅವನ ಅಂಗಡಿ ಎಂದರೆ ಒಂದು ಮೇಜು, ಎರಡು ಕಪಾಟು, ಒಂದು ದೀಪ. ಗೋಡೆಯ ಮೇಲೆ ಅವನೇ ಬರೆದ ಒಂದು ಸಾಲು: ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು. ಮೇಜಿನ ಮೇಲೆ ಮೊದಲು ಸಮತಟ್ಟು ನೋಡುವ ರಸಮಟ್ಟ ಇಟ್ಟು, ಅದರೊಳಗಿನ ಗುಳ್ಳೆ ನಟ್ಟನಡುವೆ ನಿಂತ ಮೇಲೆಯೇ ತಕ್ಕಡಿ ಇಡುತ್ತಿದ್ದ. ಮರದ ಪೆಟ್ಟಿಗೆಯಲ್ಲಿ ಮಖಮಲ್ಲಿನ ಗುಳಿಗಳೊಳಗೆ ತೂಕದ ಕಲ್ಲುಗಳು ಮಲಗಿರುತ್ತಿದ್ದವು. ಕಲ್ಲು ಎನ್ನುವುದು ವಾಡಿಕೆ, ಎಲ್ಲವೂ ಮಿರಿಮಿರಿ ಮಿಂಚುವ ಉಕ್ಕು. ಅವುಗಳನ್ನು ಬರಿಗೈಯಲ್ಲಿ ಮುಟ್ಟುವಂತಿರಲಿಲ್ಲ. ಬೆರಳಿನ ಬೆವರು ಹತ್ತಿದರೆ ತೂಕ ಹೆಚ್ಚುತ್ತದಂತೆ. "ಗಿರಾಕಿಯ ಕಣ್ಣೆದುರಿಗೇ ಕಲ್ಲು ಇಟ್ಟು ತೋರಿಸಿ. ನಿಮ್ಮ ಮುಖ ನೋಡಿ ಯಾರೂ ನಂಬಬೇಕಾಗಿಲ್ಲ" ಎಂದು ಅಂಗಡಿಯವರಿಗೆಲ್ಲ ಪಾಠ ಹೇಳುತ್ತಿದ್ದ. ಅಂಗಡಿಯವರು ಅವನ ಬೆನ್ನ ಹಿಂದೆ ನಗುತ್ತಿದ್ದರು, ತಕ್ಕಡಿ ಕೆಟ್ಟಾಗ ಮಾತ್ರ ಅವನ ಹತ್ತಿರವೇ ಬರುತ್ತಿದ್ದರು.

ಮನೆಯಲ್ಲೂ ಅದೇ ಸ್ವಭಾವ. ಅವನ ಹೆಂಡತಿ, "ನಿಮ್ಮ ತಕ್ಕಡಿಗಳ ಹಾಗೆ ನನ್ನ ಮಾತಿಗೂ ಸೀಸದ ಮುದ್ರೆ ಒತ್ತಿಸಿಕೊಂಡು ಬರಬೇಕೇನ್ರೀ?" ಎಂದು ರೇಗಿಸುತ್ತಿದ್ದಳು. ಆದರೆ ಬೀದಿಯಲ್ಲಿ ಇಬ್ಬರು ಜಗಳವಾಡಿದರೆ, "ಗುಲಗಂಜಿಯನ್ನು ಕೇಳೋಣ" ಎನ್ನುವಷ್ಟರ ಮಟ್ಟಿಗೆ ಅವನ ಮಾತಿಗೆ ಬೆಲೆಯಿತ್ತು. ಅಂಥವನು ಒಂದು ಸುಳ್ಳು ತೂಗಿದ. ತೂಗಿದ್ದು ಸ್ವಂತ ಮೊಮ್ಮಗಳ ವಿಷಯದಲ್ಲಿ.

ಮೊಮ್ಮಗಳು ಹುಟ್ಟಿದಾಗ ಎರಡು ಕೆಜಿ ಎಂಟುನೂರು ಗ್ರಾಂ ಇದ್ದಳು. ತಾತ ಕೇಳಿದ ಮೊದಲ ಪ್ರಶ್ನೆಯೂ ಅದೇ. ಎರಡನೇ ದಿನ ಮಗುವಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟ ಡಾಕ್ಟರು ಅದನ್ನು ಅಲ್ಲಿಂದ ತೆಗೆಯಲೇ ಇಲ್ಲ. ಬಡಿತದ ಜೊತೆಗೆ ಇನ್ನೇನೋ ಕೇಳುತ್ತಿದೆ, ಸಂದಿಯಿಂದ ಗಾಳಿ ನುಗ್ಗುವ ಹಾಗೆ, ಎಂದರು. ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅದು ವಾಹನದಲ್ಲಿ ನಾಲ್ಕು ಗಂಟೆಯ ದಾರಿ. ಅಲ್ಲಿ ಹೃದಯದ ಡಾಕ್ಟರಮ್ಮ ಮಗುವಿನ ಎದೆಯ ಮೇಲೆ ಲೋಳೆಯಂಥ ಮುಲಾಮು ಸವರಿ, ಪರದೆಯ ಮೇಲೆ ನೋಡಿ, ಕಾಗದದ ಮೇಲೆ ಚಿತ್ರ ಬರೆದು ಹೇಳಿದರು. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತಿದೆ. ಒಂದು ಕಡೆಗೆ ಹೋಗಬೇಕಾದ ರಕ್ತ ಇನ್ನೊಂದು ಕಡೆಗೂ ನುಗ್ಗುತ್ತಿದೆ. ಶ್ವಾಸಕೋಶಗಳ ಮೇಲೆ ಹೊರೆ ಬೀಳುತ್ತಿದೆ.

ಸೊಸೆ ಬಟ್ಟೆ ಕಾರ್ಖಾನೆಯಲ್ಲಿ ಗುಂಡಿಗಳಿಗೆ ಕಾಜಾ ಹೊಲಿಯುವವಳು. ಅವಳು ಆ ಚಿತ್ರವನ್ನೇ ದಿಟ್ಟಿಸಿ, "ಡಾಕ್ಟ್ರೇ, ನಾನು ದಿನಕ್ಕೆ ಆರುನೂರು ತೂತು ಹೊಲೀತೀನಿ. ಇದೊಂದನ್ನ ಹೊಲಿಯೋಕಾಗಲ್ವಾ?" ಎಂದಳು.

ಡಾಕ್ಟರಮ್ಮ ನಗಲಿಲ್ಲ. "ಹೊಲೀತೀವಮ್ಮ, ತೇಪೆ ಹಾಕೇ ಹೊಲೀತೀವಿ. ಆದ್ರೆ ಬಟ್ಟೆ ಸ್ವಲ್ಪ ಗಟ್ಟಿಯಾಗಬೇಕು" ಎಂದರು.

ಗಟ್ಟಿಯಾಗುವುದು ಎಂದರೆ ನಾಲ್ಕು ಕೆಜಿ. ಐದನೇ ವಾರದ ಹೊತ್ತಿಗೆ ಮಗು ಹಾಲು ಕುಡಿಯುವಾಗ ಏದುಸಿರು ಬಿಡತೊಡಗಿತು, ಹಣೆ ಬೆವರತೊಡಗಿತು. ಮತ್ತೆ ಆಸ್ಪತ್ರೆಗೆ ಓಡಿದರು. ಆ ದಿನದ ತೂಕ ಮೂರು ಕೆಜಿ ಮುನ್ನೂರ ಇಪ್ಪತ್ತು. ದಿನಕ್ಕೆ ಮೂರು ಸಲ ಔಷಧಿಯ ಹನಿ, ಎರಡೆರಡು ಗಂಟೆಗೊಮ್ಮೆ ಹಾಲು, ದಿನಾ ಬೆಳಗ್ಗೆ ತೂಕ. ನಾಲ್ಕು ಕೆಜಿ ಮುಟ್ಟಿದರೆ ಆಪರೇಷನ್ ಸುಲಭ. ಮೂರು ವಾರ ಬಿಟ್ಟು ಬನ್ನಿ ಎಂದರು. ಒಳಗೆ ಹೋದದ್ದು ಮಗ ಸೊಸೆ ಇಬ್ಬರೇ. ಇಬ್ಬರಿಗಿಂತ ಹೆಚ್ಚು ಜನರನ್ನು ಬಿಡುತ್ತಿರಲಿಲ್ಲ. ತಾತ ಹೊರಗೆ ಕುರ್ಚಿಯಲ್ಲಿ ಕೂತಿದ್ದ. ಆದ್ದರಿಂದ ಒಳಗೆ ಆಡಿದ ಒಂದು ಮಾತು ಅವನ ಕಿವಿಗೆ ಬೀಳಲೇ ಇಲ್ಲ. ಅದೇನೆಂದು ಮುಂದೆ ಗೊತ್ತಾಗುತ್ತದೆ.

ದಿನಾ ತೂಕ ಎಂದ ಕೂಡಲೇ ಗುಲಗಂಜಿಗೆ ಜೀವ ಬಂತು. ಐದು ವಾರದಿಂದ ಅವನಿಗೆ ಕೈಕಾಲು ಆಡಿರಲಿಲ್ಲ. ಡಾಕ್ಟರ ಕೆಲಸ ಡಾಕ್ಟರಿಗೆ, ತಾಯಿಯ ಕೆಲಸ ತಾಯಿಗೆ, ತಾತ ಏನು ಮಾಡಬೇಕು? ಈಗ ಸಿಕ್ಕಿತು ನೋಡಿ. ಅಂಗಡಿಯ ಕಪಾಟಿನಲ್ಲಿದ್ದ ಮಕ್ಕಳ ತಕ್ಕಡಿಯನ್ನು ಬಿಚ್ಚಿ, ತೊಳೆದು, ಹೊಸ ಬ್ಯಾಟರಿ ಹಾಕಿ, ಕಲ್ಲುಗಳ ಪೆಟ್ಟಿಗೆಯ ಜೊತೆ ಮನೆಗೆ ತಂದ. ಕಿಟಕಿಯ ಪಕ್ಕದ ಮೇಜಿನ ಮೇಲೆ ರಸಮಟ್ಟ ಇಟ್ಟು, ಒಂದು ಕಾಲಿನ ಕೆಳಗೆ ಮಡಿಸಿದ ಕಾಗದ ತುರುಕಿ, ತಕ್ಕಡಿ ಇಟ್ಟ. ಸೊಸೆಯನ್ನು ಕರೆದು ಮೆತ್ತನೆಯ ಬಟ್ಟೆಯಲ್ಲಿ ಒಂದು ಕೆಜಿ ಕಲ್ಲನ್ನು ಎತ್ತಿ ಅದರ ಮೇಲಿಟ್ಟ. ಅಂಕಿ ಮೂಡಿತು: 1.000.

"ನೋಡ್ದೆಯಾ ತಾಯಿ? ಈಗ ನಂಬು. ನನ್ನನ್ನಲ್ಲ, ಇದನ್ನ."

"ನಿಮ್ಮನ್ನ ನಂಬೋಕೆ ಕಲ್ಲು ಯಾಕೆ ಮಾವ?" ಎಂದು ಸೊಸೆ ನಕ್ಕಳು. ಮಗು ಹುಟ್ಟಿದ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು.

ಮೊದಲ ನಾಲ್ಕು ದಿನ ಎಲ್ಲವೂ ಸುಸೂತ್ರ. ಬೆಳಗ್ಗೆ ಆರಕ್ಕೆ, ಹಾಲಿಗೆ ಮುಂಚೆ, ಮಗುವಿನ ಮೈಮೇಲಿನ ಬಟ್ಟೆ ತೆಗೆದು ತೂಗುವುದು. ಮುನ್ನೂರ ನಲವತ್ತು, ಮುನ್ನೂರ ಅರವತ್ತು, ಮುನ್ನೂರ ಎಂಬತ್ತೈದು, ನಾನೂರ ಹತ್ತು. ಸೊಸೆ ಅದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುವಳು. ಅತ್ತೆ ಪಕ್ಕದಲ್ಲಿ ನಿಂತು, "ನನ್ನ ಕಣ್ಣೇ ಬಿದ್ದೀತು" ಎಂದು ಮುಖ ತಿರುಗಿಸುವಳು. ಮಗ ದೂರದ ಬಸ್ಸಿನ ಕಂಡಕ್ಟರ್. ಎರಡು ದಿನಕ್ಕೊಮ್ಮೆ ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲು ಕ್ಯಾಲೆಂಡರ್ ನೋಡುವನು.

ಐದನೇ ದಿನ ನಾನೂರ ಹದಿನೈದು. ಆರನೇ ದಿನವೂ ನಾನೂರ ಹದಿನೈದು.

"ಇನ್ನೊಂದ್ಸಲ ಇಡಿ ಮಾವ" ಎಂದಳು ಸೊಸೆ. ಮೂರು ಸಲ ಇಟ್ಟರೂ ಅಷ್ಟೇ. ಅವಳು ಏನೂ ಬರೆಯದೆ ಪೆನ್ಸಿಲ್ ಕೆಳಗಿಟ್ಟಳು. ಅವತ್ತು ಮಧ್ಯಾಹ್ನ ತಟ್ಟೆ ಮುಟ್ಟಲಿಲ್ಲ. "ನನ್ನ ಹಾಲಲ್ಲೇ ಸತ್ವ ಇಲ್ಲ ಅತ್ತೆ" ಎಂದು ಗೋಡೆಗೆ ಮುಖ ಮಾಡಿ ಕೂತುಬಿಟ್ಟಳು. ಸಂಜೆ ಹೊತ್ತಿಗೆ ಹಾಲು ನಿಜಕ್ಕೂ ಕಡಿಮೆಯಾಯಿತು. ಹೆಂಡತಿ ಅಡುಗೆಮನೆಯಲ್ಲಿ ಗುಲಗಂಜಿಯನ್ನು ಅಡ್ಡಗಟ್ಟಿದಳು. "ರೀ, ಅವಳು ಹೀಗೆ ಉಪವಾಸ ಕೂತ್ರೆ ಮಗೂಗೆ ಏನು ಸಿಗುತ್ತೆ? ಆ ಹಾಳು ತಕ್ಕಡಿ ತಗೊಂಡುಹೋಗಿ ಅಂಗಡೀಲಿಡಿ. ಅದು ಬಂದಮೇಲೇ ಅವಳು ಗ್ರಾಂ ಲೆಕ್ಕದಲ್ಲಿ ಅಳೋಕೆ ಶುರು ಮಾಡಿದ್ದು."

ಗುಲಗಂಜಿ ತಕ್ಕಡಿಯನ್ನು ಅಂಗಡಿಗೆ ಒಯ್ಯಲಿಲ್ಲ. ಮರುದಿನ ಸೊಸೆ ಸ್ನಾನಕ್ಕೆ ಹೋದಾಗ ಮೇಜಿನ ಮುಂದೆ ಕೂತು, ಅಳೆದೂ ಸುರಿದೂ ಯೋಚಿಸಿ, ಅದರ ತಳದ ಮುಚ್ಚಳ ಬಿಚ್ಚಿದ. ಈ ಯಂತ್ರಗಳ ಹಣೆಬರಹ ಇಷ್ಟೇ. ಒಳಗಿನ ಗುಂಡಿ ಒತ್ತಿದರೆ, ಒಂದು ಕೆಜಿ ಇಡು ಎಂದು ಕೇಳುತ್ತದೆ. ನೀವು ಇಟ್ಟದ್ದನ್ನು ಒಂದು ಕೆಜಿ ಎಂದು ಕಲಿತುಕೊಳ್ಳುತ್ತದೆ. ಗುರು ಹೇಳಿಕೊಟ್ಟದ್ದೇ ಸತ್ಯ. ಗುಲಗಂಜಿ ಒಂದು ಕೆಜಿಯ ಕಲ್ಲಿನ ಬದಲು ಚಿಕ್ಕ ಕಲ್ಲುಗಳನ್ನು ಗುಂಪಾಗಿಟ್ಟ. ಒಟ್ಟು ಒಂಬೈನೂರ ತೊಂಬತ್ತು ಗ್ರಾಂ. ಯಂತ್ರ ಪಾಪ, ಅದನ್ನೇ ಒಂದು ಕೆಜಿ ಎಂದು ನಂಬಿತು. ಇನ್ನು ಮೇಲೆ ಮೂರೂವರೆ ಕೆಜಿಯ ಮಗುವನ್ನು ಇಟ್ಟರೆ ಮೂವತ್ತೈದು ಗ್ರಾಂ ಹೆಚ್ಚಿಗೆ ತೋರಿಸುತ್ತದೆ. ಈ ಆಟವನ್ನು ಎಷ್ಟು ಅಂಗಡಿಯವರು ಆಡಿದ್ದನ್ನು ಅವನು ಹಿಡಿದಿದ್ದನೋ! ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು.

ಮುಚ್ಚಳ ಬಿಗಿಯುವಾಗ ಅವನು ಎರಡು ಸಲ ಬಾಗಿಲ ಕಡೆ ತಿರುಗಿ ನೋಡಿದ. ಆದರೆ ಮನಸ್ಸು ಸಮಾಧಾನ ಹೇಳಿತು: ಮೂರು ವಾರಕ್ಕೆ ಆಸ್ಪತ್ರೆಯವರು ತಮ್ಮ ತಕ್ಕಡಿಯಲ್ಲಿ ತೂಗೇ ತೂಗುತ್ತಾರೆ. ಅಲ್ಲಿಯವರೆಗೆ ಹುಡುಗಿ ಉಂಡುಕೊಂಡು, ನಿದ್ದೆ ಮಾಡಿಕೊಂಡು, ಹಾಲು ಕೊಟ್ಟುಕೊಂಡು ಇರಲಿ. ಹಾಲು ಹೆಚ್ಚಿದರೆ ತೂಕ ತಾನೇ ಹೆಚ್ಚುತ್ತದೆ. ಸುಳ್ಳು ಮುಂದೆ ಹೋಗುತ್ತಿರಲಿ, ನಿಜ ಹಿಂದಿನಿಂದ ಬಂದು ಸೇರಿಕೊಳ್ಳುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಮರುದಿನ ಬೆಳಗ್ಗೆ ಅಂಕಿ ನೋಡಿ ಸೊಸೆ ಅತ್ತೆಯನ್ನು ಕೂಗಿ ಕರೆದಳು. ಎರಡು ತಟ್ಟೆ ಅನ್ನ ಉಂಡಳು. ಹಾಲೂ ಬಂತು. ನಿಜವಾದ ತೂಕವೂ ಮೂರು ದಿನದಲ್ಲಿ ಹತ್ತು ಹದಿನೈದು ಗ್ರಾಂ ಏರಿತು. ನೋಡಿದೆಯಾ, ನನ್ನ ಉಪಾಯ ಫಲಿಸಿತು ಎಂದು ಗುಲಗಂಜಿ ತನ್ನ ಬೆನ್ನು ತಾನೇ ತಟ್ಟಿಕೊಂಡ. ಆಮೇಲೆ ಅದು ನಿಂತಿತು. ನಿಂತದ್ದು ಇಳಿಯತೊಡಗಿತು. ನಿಜ ಇಳಿದ ಹಾಗೆಲ್ಲ ಸುಳ್ಳನ್ನು ಏರಿಸಬೇಕಾಯಿತು. ಒಂಬೈನೂರ ತೊಂಬತ್ತು ಹೋಗಿ ಎಂಬತ್ತು, ಎಂಬತ್ತು ಹೋಗಿ ಎಪ್ಪತ್ತು, ಕೊನೆಗೆ ಒಂಬೈನೂರ ಐವತ್ತು. ಒಂದು ಸುಳ್ಳನ್ನು ಸಾಕಲು ಎಷ್ಟು ಖರ್ಚು ಎಂಬುದು ಅದನ್ನು ಸಾಕಿದವನಿಗೇ ಗೊತ್ತು. ಒಂದು ಕೆಜಿಯ ಕಲ್ಲನ್ನು ಅವನು ಮನೆಯ ಬೀರುವಿನಲ್ಲಿ ಬಟ್ಟೆಗಳ ಹಿಂದೆ ಇಟ್ಟುಬಿಟ್ಟಿದ್ದ. ಅದು ಕಣ್ಣಿಗೆ ಬಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಸುಳ್ಳು ಶುರುವಾದ ಹನ್ನೊಂದನೇ ದಿನ ಅದೇ ಕಲ್ಲು ಅವನನ್ನು ಮನೆಗೆ ಕರೆಸಿತು. ತರಕಾರಿ ಅಂಗಡಿಯ ದೊಡ್ಡ ತಕ್ಕಡಿಯನ್ನು ಪರೀಕ್ಷಿಸಬೇಕಿತ್ತು, ಕಲ್ಲು ಬೇಕಿತ್ತು. ಬೆಳಗಿನ ಹನ್ನೊಂದು ಗಂಟೆಗೆ ಅವನು ಎಂದೂ ಮನೆಗೆ ಬಂದವನಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಒಳಗಿನಿಂದ ಅಪರಿಚಿತ ಹೆಂಗಸಿನ ದನಿ ಕೇಳಿತು. ಸೊಸೆ ಮಗುವನ್ನು ಎತ್ತಿಕೊಂಡಿದ್ದಳು, ಫೋನನ್ನು ಮೇಜಿನ ಮೇಲಿಟ್ಟು ಗಟ್ಟಿಯಾಗಿ ಕೇಳುವಂತೆ ಮಾಡಿದ್ದಳು.

"ಇವತ್ತಿನ ತೂಕ ಹೇಳಮ್ಮ."

"ಮೂರು ಐನೂರ ತೊಂಬತ್ತು, ಸಿಸ್ಟರ್."

"ಭೇಷ್! ಹೀಗೇ ಏರ್ತಿದ್ರೆ ಬರೋ ವಾರ ನೀವು ಅಷ್ಟು ದೂರ ಬರೋದೇ ಬೇಡ. ಡಾಕ್ಟ್ರಿಗೆ ಹೇಳಿ ಇನ್ನು ಹತ್ತು ದಿನ ಮುಂದಕ್ಕೆ ಹಾಕಿಸ್ತೀನಿ. ಪುಟ್ಟ ಮಗೂನ ಸುಮ್ನೆ ಯಾಕೆ ಅಲೆದಾಡಿಸೋದು?"

ತಾತ ಹೊರಗೆ ಕುರ್ಚಿಯಲ್ಲಿ ಕೂತಿದ್ದಾಗ ಒಳಗೆ ಆಡಿದ ಮಾತು ಇದೇ. ವಾರಕ್ಕೆರಡು ಸಲ ಆಸ್ಪತ್ರೆಯ ನರ್ಸ್ ಫೋನ್ ಮಾಡುತ್ತಾರೆ, ಮನೆಯ ತೂಕ ಬರೆದುಕೊಳ್ಳುತ್ತಾರೆ. ಸೊಸೆಗಾಗಿ ಹೇಳಿದ ಸುಳ್ಳು ನಾಲ್ಕು ಗಂಟೆಯ ದಾರಿ ಹೋಗಿ ಡಾಕ್ಟರ ಕಾಗದದಲ್ಲಿ ಕೂತಿತ್ತು. ಈಗ ಬಾಯಿ ಮುಚ್ಚಿಕೊಂಡರೆ ಮಾನ ಉಳಿಯುತ್ತದೆ. ಹತ್ತು ದಿನ. ಮಗುವಿಗೆ ಅಷ್ಟು ದಿನ ಇದೆಯೋ ಇಲ್ಲವೋ ಯಾರು ಬಲ್ಲರು?

ಒಂದು ಚಪ್ಪಲಿ ಕಾಲಲ್ಲೇ ಇತ್ತು. ಹಾಗೇ ಒಳಗೆ ಬಂದ.

"ಸಿಸ್ಟರ್, ಆ ತೂಕ ಸುಳ್ಳು."

"ಯಾರು ಮಾತಾಡ್ತಿರೋದು?"

"ತಕ್ಕಡಿ ರಿಪೇರಿಯವನು... ಮಗುವಿನ ತಾತ. ತಕ್ಕಡೀನ ನಾನೇ ಕೆಡಿಸಿದ್ದೀನಿ. ಮಗು ಮೂರು ನಾನೂರ ಹತ್ತೇ ಇರೋದು. ಏರ್ತಾ ಇಲ್ಲ. ಇಳೀತಾ ಇದೆ."

ಸೊಸೆ ಮಾವನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಇನ್ನೂ ಅರ್ಥವಾಗಿರಲಿಲ್ಲ ಅಷ್ಟೆ. ನರ್ಸಿನ ದನಿ ಬದಲಾಯಿತು. "ಅಮ್ಮ, ಮಗು ಹಾಲು ಪೂರ್ತಿ ಕುಡೀತಿದೆಯಾ?"

"ಇಲ್ಲ ಸಿಸ್ಟರ್. ಅರ್ಧಕ್ಕೇ ಬಿಟ್ಟು ಮಲಗಿಬಿಡುತ್ತೆ. ನಾಲ್ಕೈದು ದಿನ ಆಯ್ತು. ತೂಕ ಏರ್ತಿದೆಯಲ್ಲ ಅಂತ ನಾನು... ತೂಕ ಏರ್ತಿದೆ ಅಂತ ನಾನು ಸುಮ್ಮನಿದ್ದೆ."

ಹೇಳುತ್ತ ಹೇಳುತ್ತ ಅವಳಿಗೆ ಅರ್ಥವಾಯಿತು. ಮಗು ಬೆವರುವುದನ್ನು ಅವಳು ಕಂಡಿದ್ದಳು, ಪಕ್ಕೆಲುಬಿನ ಕೆಳಗೆ ಗುಳಿ ಬೀಳುವುದನ್ನು ಕಂಡಿದ್ದಳು. ಆದರೆ ತನ್ನ ಕಣ್ಣನ್ನು ನಂಬದೆ ಅಂಕಿಯನ್ನು ನಂಬಿದ್ದಳು. ನಂಬು ಎಂದು ಹೇಳಿಕೊಟ್ಟವನು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಎದುರಿಗೇ ನಿಂತಿದ್ದ.

"ಈಗಲೇ ಹೊರಡಿ" ಎಂದಿತು ಫೋನು.

ವ್ಯಾನು ಕೊಟ್ಟವನು ಅದೇ ಮಾಂಸದಂಗಡಿಯವನು. ತಾನೇ ಓಡಿಸಿಕೊಂಡೂ ಬಂದ. ದಾರಿಯುದ್ದಕ್ಕೂ ಒಂದು ಸಲವೂ ಗುಲಗಂಜಿ ಎನ್ನಲಿಲ್ಲ, "ಅಣ್ಣಾ, ನೀರು ಕುಡಿ" ಎಂದ ಅಷ್ಟೆ. ಹಿಂದಿನ ಸೀಟಿನಲ್ಲಿ ಅತ್ತೆ ಸೊಸೆ ಮಗು. ಎರಡು ಗಂಟೆ ಕಳೆದ ಮೇಲೆ ಹಿಂದಿನಿಂದ ಒಂದು ಪ್ರಶ್ನೆ ಬಂತು.

"ಎಷ್ಟು ದಿನದಿಂದ?"

"ಹನ್ನೊಂದು ದಿನ, ತಾಯಿ."

ಸೊಸೆ ಸೆರಗಿನಿಂದ ಮಗುವಿನ ಹಣೆ ಒರೆಸಿದಳು.

ಆಸ್ಪತ್ರೆಯ ತಕ್ಕಡಿಯಲ್ಲಿ ಮಗು ಮೂರು ಕೆಜಿ ನಾನೂರ ಐದು. ಡಾಕ್ಟರಮ್ಮ ಎದೆಗೆ ಕಿವಿಗೊಟ್ಟು, ಹೊಟ್ಟೆಯ ಬಲಗಡೆ ಬೆರಳಿಂದ ಒತ್ತಿ ನೋಡಿ, ಪರದೆ ನೋಡಿ, ಮಗುವನ್ನು ಒಳಗೆ ಕಳಿಸಿ ಹೊರಬಂದರು. ಬಸ್ಸಿಳಿದು ಓಡಿಬಂದ ಮಗನೂ ಅಷ್ಟರಲ್ಲಿ ಸೇರಿಕೊಂಡಿದ್ದ, ಟಿಕೆಟ್ ಚೀಲ ಇನ್ನೂ ಹೆಗಲಲ್ಲೇ ಇತ್ತು. ಈ ಸಲ ಇಬ್ಬರಿಗಿಂತ ಹೆಚ್ಚು ಜನ ಬೇಡ ಎಂದು ಯಾರೂ ಹೇಳಲಿಲ್ಲ.

"ತೂಕ ಯಾವತ್ತಿಂದ ನಿಂತಿದೆ ಅಂತ ಗೊತ್ತಾಗಿದ್ರೆ ಚೆನ್ನಾಗಿತ್ತು. ಒಂದೇ ಸಲ ಇಳೀತಾ, ದಿನಾ ಇಳೀತಾ, ಅದರ ಮೇಲೆ ಔಷಧಿ ಕೆಲಸ ಮಾಡ್ತಿದೆಯೋ ಇಲ್ವೋ ತಿಳಿಯುತ್ತೆ" ಎಂದರು.

ಗುಲಗಂಜಿ ಅಂಗಿಯ ಜೇಬಿಗೆ ಕೈ ಹಾಕಿದ. ಅಂಗಡಿಯ ಕೆಲಸ ಗುರುತು ಹಾಕಿಕೊಳ್ಳುವ ಅಂಗೈಯಗಲದ ಪುಸ್ತಕ. ಅದರ ಕೊನೆಯ ಪುಟದಲ್ಲಿ ಪೆನ್ಸಿಲಿನಲ್ಲಿ ಹನ್ನೊಂದು ಸಾಲು. 3.420, 3.425, 3.430, 3.430, 3.425... ಯಂತ್ರಕ್ಕೆ ಎಷ್ಟು ಸುಳ್ಳು ಕಲಿಸಿದ್ದೇನೆಂದು ತಿಳಿದವನಿಗೆ ನಿಜವನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಮೂವತ್ತು ವರ್ಷದ ಚಾಳಿ. ಸುಳ್ಳು ತೋರಿಸಿದರೂ ನಿಜವನ್ನು ಬರೆದಿಡದೆ ಇರಲು ಅವನ ಕೈಗೆ ಆಗಿರಲಿಲ್ಲ.

ಡಾಕ್ಟರಮ್ಮ ಬೆರಳಿಟ್ಟು ಸಾಲು ಸಾಲಾಗಿ ಓದಿ ತಮ್ಮ ಕಾಗದಕ್ಕೆ ಇಳಿಸಿಕೊಂಡರು. "ಇದು ಇದ್ದದ್ದು ಒಳ್ಳೇದಾಯ್ತು" ಎಂದರು.

ಸೊಸೆ ಬಗ್ಗಿ ಆ ಪುಟವನ್ನು ನೋಡಿದಳು. "ಹಾಗಾದ್ರೆ ನಿಮಗೆ ದಿನಾ ಗೊತ್ತಿತ್ತು" ಎಂದಳು. ದನಿ ಏರಿಸಲಿಲ್ಲ. ಗುಲಗಂಜಿಗೆ ನೆಲ ಬಾಯಿಬಿಟ್ಟರೆ ಸಾಕು ಎನ್ನಿಸಿತು. ಅವಳು ಬೈದಿದ್ದರೆ, ಕೂಗಾಡಿದ್ದರೆ, ಅವನು ತಲೆ ತಗ್ಗಿಸಿ ಕೇಳಿಕೊಳ್ಳುತ್ತಿದ್ದ. ಈಗ ಒಂದು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿದ.

ಮಗ ಬಾಯಿ ತೆರೆದ. "ಅಪ್ಪಾ, ನೀನು..." ಎಂದವನು ಹೆಂಡತಿಯ ಮುಖ ನೋಡಿ ಅವಳ ಪಕ್ಕಕ್ಕೆ ಹೋಗಿ ನಿಂತ.

ಡಾಕ್ಟರಮ್ಮ ಪೆನ್ನು ಮುಚ್ಚಿದರು. "ಯಜಮಾನ್ರೇ, ನೇರವಾಗಿ ಹೇಳ್ತೀನಿ. ನಾಲ್ಕು ಕೆಜಿ ಅನ್ನೋದು ತೂಕ ಏರೋ ಮಕ್ಕಳಿಗೆ. ಏರದೇ ಇದ್ರೆ ಅದೇ ನಮಗೆ ಸುದ್ದಿ. ಕಾಯೋದು ಬೇಡ, ಬೇಗ ಮಾಡಿ ಅಂತ. ಇದು ಒಂದು ವಾರದ ಹಿಂದೆ ಗೊತ್ತಾಗಿದ್ರೆ ಒಂದು ವಾರದ ಹಿಂದೆ ಕರೆಸ್ತಿದ್ದೆ. ಇವತ್ತೂ ನೀವು ಹೇಳದೇ ಇದ್ದಿದ್ರೆ..." ವಾಕ್ಯವನ್ನು ಅಲ್ಲಿಗೇ ಬಿಟ್ಟು ಸೊಸೆಯ ಕಡೆ ತಿರುಗಿದರು. "ನಿನ್ನ ಹಾಲಿನ ತಪ್ಪಲ್ಲಮ್ಮ. ಕುಡಿದದ್ದನ್ನೆಲ್ಲ ಮಗು ಉಸಿರಾಡೋಕೇ ಖರ್ಚು ಮಾಡ್ತಿದೆ. ಯಾರ ಹಾಲೂ ಆ ತೂತು ತುಂಬಿಸಲ್ಲ. ಅದಕ್ಕೆ ನಾವಿದ್ದೀವಿ."

ಸೊಸೆ ಬಿಕ್ಕಿ ಬಿಕ್ಕಿ ಅತ್ತಳು. ಅತ್ತೆಯೂ ಅತ್ತಳು. ಈ ಒಂದು ಮಾತನ್ನು ಹದಿನೈದು ದಿನದ ಹಿಂದೆ ಯಾರಾದರೂ ಹೇಳಿದ್ದರೆ ತಕ್ಕಡಿಯ ಮುಚ್ಚಳ ಬಿಚ್ಚುವ ಪ್ರಮೇಯವೇ ಇರುತ್ತಿರಲಿಲ್ಲವೇನೋ. ಆದರೆ ಅದನ್ನು ನೆಪ ಮಾಡಿಕೊಳ್ಳಲು ಗುಲಗಂಜಿ ಒಪ್ಪುವವನಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕು.

ಮೂರು ದಿನ ರಕ್ತನಾಳದಲ್ಲಿ ಔಷಧಿ ಕೊಟ್ಟು ಮಗುವಿನ ಉಸಿರನ್ನು ಹತೋಟಿಗೆ ತಂದರು. ನಾಲ್ಕನೇ ದಿನ ಬೆಳಗ್ಗೆ ಏಳೂವರೆಗೆ ಆಪರೇಷನ್. ಬಾಗಿಲವರೆಗೆ ತಾಯಿ ಎತ್ತಿಕೊಂಡು ಹೋಗಿ, ಹಸಿರು ಟೋಪಿಯ ನರ್ಸಿನ ಕೈಗೆ ಕೊಟ್ಟಳು. ಬಾಗಿಲು ಮುಚ್ಚಿತು. ಅವಳ ಎರಡೂ ಕೈಗಳು ಬಹಳ ಹೊತ್ತು ಹಾಗೇ ಮಡಚಿಕೊಂಡಿದ್ದವು.

ಕಾಯುವ ಕೋಣೆಯಲ್ಲಿ ಕಬ್ಬಿಣದ ಕುರ್ಚಿಗಳು ಒಂದಕ್ಕೊಂದು ಬೆಸೆದುಕೊಂಡಿದ್ದವು, ಒಬ್ಬರು ಅಲುಗಾಡಿದರೆ ಇಡೀ ಸಾಲು ಅಲುಗಾಡುತ್ತಿತ್ತು. ಆ ಕೊನೆಯಲ್ಲಿ ಸೊಸೆ, ಪಕ್ಕದಲ್ಲಿ ಮಗ, ನಡುವೆ ಹೆಂಡತಿ, ಈ ಕೊನೆಯಲ್ಲಿ ಗುಲಗಂಜಿ. ಅವನು ಕಾಲು ಕುಣಿಸಿದರೆ ಸೊಸೆಯ ಕುರ್ಚಿ ನಡುಗುತ್ತದೆಂದು ಮಿಸುಕದೆ ಕೂತ. ಐದು ಗಂಟೆ ಹೀಗೆ ಕೂತದ್ದನ್ನು ನೋಡಿ ನೆಲ ಒರೆಸುವವಳು, "ಯಜಮಾನ್ರೇ, ಕಾಲನ್ನಾದ್ರೂ ಎತ್ತಿ, ಒರೆಸ್ಕೋತೀನಿ" ಎಂದಳು. ಅವನು ಎರಡೂ ಕಾಲನ್ನು ಗಾಳಿಯಲ್ಲಿ ಎತ್ತಿಕೊಂಡು, ಅವಳು ಹೋದಮೇಲೂ ಇಳಿಸಲು ಮರೆತುಬಿಟ್ಟ. ಹೆಂಡತಿಗೆ ಅಳುವಿನ ನಡುವೆಯೇ ನಗು ಬಂತು. "ಇಳಿಸ್ರೀ ಕಾಲು" ಎಂದು ಅವನ ಮೊಣಕಾಲು ತಟ್ಟಿದಳು. ಆ ಕೈಯನ್ನು ಅಲ್ಲೇ ಬಿಟ್ಟಳು.

ಹನ್ನೆರಡೂ ಮುಕ್ಕಾಲಿಗೆ ಡಾಕ್ಟರಮ್ಮ ಬಂದರು. ನೇರ ಸೊಸೆಯ ಮುಂದೆ ನಿಂತರು. "ತೇಪೆ ಚೆನ್ನಾಗಿ ಕೂತಿದೆ. ನಿನ್ನಷ್ಟು ನಾಜೂಕಾಗಿ ಹೊಲಿದಿದ್ದೀವೋ ಇಲ್ವೋ ಗೊತ್ತಿಲ್ಲ, ಸೋರ್ತಾ ಅಂತೂ ಇಲ್ಲ. ಎರಡು ದಿನ ಹುಷಾರಾಗಿ ನೋಡ್ಕೋಬೇಕು" ಎಂದರು. ಗುಲಗಂಜಿ ಎದ್ದು ಗೋಡೆಯ ಕಡೆ ತಿರುಗಿ ನಿಂತ. ಅವನ ದೊಡ್ಡ ಬೆನ್ನು ಅಲುಗುವುದನ್ನು ಎಲ್ಲರೂ ನೋಡಿದರು. ಸೊಸೆಯೂ ನೋಡಿದಳು.

ಆಸ್ಪತ್ರೆಯಲ್ಲಿದ್ದ ಅಷ್ಟು ದಿನವೂ ಅವಳು ಮಾವನ ಜೊತೆ ನೇರವಾಗಿ ಒಂದು ಮಾತೂ ಆಡಲಿಲ್ಲ. "ಅತ್ತೆ, ಮಾವಂಗೆ ಊಟ ಆಯ್ತಾ ಕೇಳಿ" ಎನ್ನುವಳು, ಅಷ್ಟರಲ್ಲೇ ಎಲ್ಲ ಮುಗಿಯುವುದು. ಮಗುವನ್ನು ಅತ್ತೆಯ ಕೈಗೆ ಕೊಡುವಳು, ಗಂಡನ ಕೈಗೆ ಕೊಡುವಳು. ಗುಲಗಂಜಿ ಕೈ ಚಾಚುತ್ತಲೂ ಇರಲಿಲ್ಲ. ಮಗು ಕೆನ್ನೆ ಕೆಂಪಾಗಿಸಿಕೊಂಡು, ಒಂದೇ ಉಸಿರಿಗೆ ಎಂಬಂತೆ ಹಾಲು ಕುಡಿಯುವುದನ್ನು ದೂರದಿಂದ ನೋಡುವನು. ಹಣೆಯಲ್ಲಿ ಬೆವರಿಲ್ಲ ಎಂದು ದಿನಕ್ಕೆ ಹತ್ತು ಸಲ ಖಾತ್ರಿ ಮಾಡಿಕೊಳ್ಳುವನು.

ಹನ್ನೆರಡು ದಿನಕ್ಕೆ ಮನೆಗೆ ಕಳಿಸಿದರು. ತೂಕ ಮೂರು ಕೆಜಿ ನಾನೂರ ಎಂಬತ್ತು. ಇನ್ನೂ ಒಂದು ತಿಂಗಳು ದಿನಾ ತೂಗಿ ಫೋನಿನಲ್ಲಿ ಹೇಳಬೇಕು ಎಂದರು ನರ್ಸು. ಹೇಳುವಾಗ ಗುಲಗಂಜಿಯ ಕಡೆ ನೋಡಲಿಲ್ಲ, ಅದು ಅವರ ದೊಡ್ಡತನ. ಮನೆ ಮುಟ್ಟಿದ ಕೂಡಲೇ ಅವನು ಮಾಡಿದ ಮೊದಲ ಕೆಲಸ ತಕ್ಕಡಿಯ ಮುಚ್ಚಳ ಬಿಚ್ಚಿ, ಒಂದು ಕೆಜಿ ಕಲ್ಲಿಟ್ಟು, ಅದಕ್ಕೆ ಸತ್ಯವನ್ನು ಮತ್ತೆ ಕಲಿಸಿದ್ದು. ಆಮೇಲೆ ಅದನ್ನು ಚೀಲಕ್ಕೆ ತುಂಬಿದ. "ಔಷಧಿ ಅಂಗಡಿಯವರ ಹತ್ತಿರ ಒಂದು ತಕ್ಕಡಿ ಇದೆ, ದಿನಾ ಅಲ್ಲಿಗೇ ಹೋಗಿ ತೂಗಿಸೋದು ಒಳ್ಳೇದು. ಇದನ್ನ ಅಂಗಡಿಗೆ ತಗೊಂಡು ಹೋಗ್ತೀನಿ" ಎಂದು ಹೆಂಡತಿಗೆ ಹೇಳಿದ. ಸೊಸೆಗೆ ಕೇಳಲಿ ಎಂದೇ ಹೇಳಿದ್ದು.

ಮರುದಿನ ಬೆಳಗ್ಗೆ ಆರಕ್ಕೆ ಚೀಲ ಹೆಗಲಿಗೇರಿಸಿ ಹೊರಟಿದ್ದ. ನಡುಮನೆಯಲ್ಲಿ ಸೊಸೆ ಮಗುವನ್ನು ಎತ್ತಿಕೊಂಡು ನಿಂತಿದ್ದಳು.

"ಮಾವ, ತಕ್ಕಡಿ ಇಡಿ."

ಗುಲಗಂಜಿ ನಿಂತಲ್ಲೇ ನಿಂತ. ಹೆಂಡತಿ ಅಡುಗೆಮನೆಯಿಂದ ಇಣುಕಿ, ಕೈಸನ್ನೆ ಮಾಡಿದಳು, ಇಡ್ರೀ ಎಂದು. ಅವನು ಚೀಲ ಇಳಿಸಿ, ರಸಮಟ್ಟ ಇಟ್ಟು, ಗುಳ್ಳೆ ನಡುವೆ ನಿಲ್ಲುವವರೆಗೆ ಕಾಗದ ಮಡಚಿ, ತಕ್ಕಡಿ ಇಟ್ಟು ಗುಂಡಿ ಒತ್ತಿದ. ಸೊನ್ನೆಗಳು ಮೂಡಿದವು. ಸೊಸೆ ಮಗುವನ್ನು ಅದರ ಮೇಲೆ ಇಡಲಿಲ್ಲ.

"ಕಲ್ಲು?"

ಅವನು ಬೀರುವಿನಿಂದ ಕಲ್ಲುಗಳ ಪೆಟ್ಟಿಗೆ ತಂದು ತೆರೆದ. ಬಟ್ಟೆ ತೆಗೆದುಕೊಂಡು ಒಂದು ಕೆಜಿಯ ಕಲ್ಲಿಗೆ ಕೈ ಹಾಕುವಷ್ಟರಲ್ಲಿ ಅವಳು, "ಬೇಡ. ನಾನಿಡ್ತೀನಿ" ಎಂದಳು. ಆದರೆ ಅವಳ ಎರಡೂ ಕೈಯಲ್ಲಿ ಮಗುವಿತ್ತು. ಅವಳು ಒಂದು ಗಳಿಗೆ ಮಗುವನ್ನು ನೋಡಿದಳು, ಮಾವನನ್ನು ನೋಡಿದಳು. ಅತ್ತೆ ಅಡುಗೆಮನೆಯ ಬಾಗಿಲಲ್ಲೇ ಇದ್ದಳು, ನಾಲ್ಕು ಹೆಜ್ಜೆಯ ದೂರ. ಅವಳನ್ನು ಕರೆಯಲಿಲ್ಲ. ಮುಂದೆ ಬಂದು ಮಗುವನ್ನು ಮಾವನ ತೋಳಿಗೆ ಕೊಟ್ಟಳು.

ಆಮೇಲೆ ಬಟ್ಟೆಯಿಂದ ಕಲ್ಲನ್ನು ಎತ್ತಿ, ಅವನು ತೋರಿಸಿಕೊಟ್ಟ ಹಾಗೆಯೇ ಬೆರಳು ತಾಗದಂತೆ ತಕ್ಕಡಿಯ ನಡುವೆ ಇಟ್ಟು, ಬಗ್ಗಿ ನೋಡಿದಳು. 1.000. ತೆಗೆದು ಇನ್ನೊಮ್ಮೆ ಇಟ್ಟಳು. 1.000.

"ಸರಿ ಇದೆ" ಎಂದಳು. "ಮಗೂನ ಮಲಗಿಸಿ."

ಗುಲಗಂಜಿಗೆ ಕಣ್ಣು ಮಂಜಾಗಿ ಅಂಕಿ ಕಾಣಲಿಲ್ಲ. ಮಗುವನ್ನು ಮಲಗಿಸಿ, ತಲೆಯ ಹಿಂದಿನಿಂದ ಕೈಯನ್ನು ಮೆಲ್ಲಗೆ ತೆಗೆದ. ಸೊಸೆಯೇ ಓದಿದಳು. ಮೂರು ನಾನೂರ ತೊಂಬತ್ತೈದು. ಕ್ಯಾಲೆಂಡರಿನಲ್ಲಿ ಹಳೆಯ ಐನೂರ ತೊಂಬತ್ತು ಇನ್ನೂ ಇತ್ತು. ಅದರ ಮೇಲೆ ಒಂದು ಗೆರೆ ಎಳೆದು, ಇವತ್ತಿನ ಚೌಕದಲ್ಲಿ ಹೊಸ ಅಂಕಿಯನ್ನು ಬರೆದಳು.

"ನಾಳೆನೂ ಕಲ್ಲು ಇಟ್ಟೇ ತೂಗೋದು, ಮಾವ."

"ಇಟ್ಟೇ ತೂಗೋಣಮ್ಮ."

"ದಿನಾ."

"ದಿನಾ ತಾಯಿ. ನೀನೇ ಇಡು."

ಮಗು ತಕ್ಕಡಿಯ ಮೇಲೆ ಕಾಲು ಬಡಿಯಿತು, ಅಂಕಿಗಳು ಮೇಲೆ ಕೆಳಗೆ ಓಡಾಡಿದವು. ಅವಳು ಮಗುವನ್ನು ಎತ್ತಿಕೊಂಡು ಹಾಲು ಕೊಡಲು ಒಳಗೆ ಹೋದಳು. ಗುಲಗಂಜಿ ಕಲ್ಲನ್ನು ಬಟ್ಟೆಯಲ್ಲಿ ಒರೆಸಿ, ಬೀರುವಿಗೆ ಒಯ್ಯದೆ, ಅಲ್ಲೇ ತಕ್ಕಡಿಯ ಪಕ್ಕದಲ್ಲಿ ಅವಳ ಕೈ ಎಟುಕುವ ಕಡೆ ಇಟ್ಟು, ಅಂಗಡಿಗೆ ಹೊರಟ.